ಉಗುರು ಒತ್ತದ ಮೇಣ

ಕಾರ್ಖಾನೆಗೆ ವಾಪಸು ಬಂದ ಅಕಾರ್ಡಿಯನ್ನನ್ನು ಯಜಮಾನ ಎರಡೂ ಕೈಯಲ್ಲಿ ಎತ್ತಿ, ಮಗುವಿನ ಮುಂದೆ ಗಿಲಕಿ ಆಡಿಸುವವನಂತೆ ಒಮ್ಮೆ ಅಲುಗಿಸಿದ. ಒಳಗೆ ಗಲಗಲ ಎಂದಿತು. ಮೇಣದ ಬೆಂಚಿನಲ್ಲಿದ್ದ ಇಬ್ಬರು ಹೆಂಗಸರೂ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಆ ಸದ್ದು ಯಾವುದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕೇಳಿಸ್ತಾ?" ಎಂದ ಯಜಮಾನ. "ಕೊಂಡ ಪುಣ್ಯಾತ್ಮ ತುಂಬಿದ ಸಭೆ ಮುಂದೆ ನುಡಿಸ್ತಾ ಇದ್ದನಂತೆ. ಅರ್ಧ ಹಾಡಿಗೆ ಇದು ಹಲ್ಲುದುರಿದ ಮುದುಕಿ ಥರ ಬರೀ ಗಾಳಿ ಬಿಡ್ತಂತೆ."

ಅವನೇ ತಿರುಪು ಬಿಚ್ಚಿ ಒಳಗಿನ ಮರದ ಪಟ್ಟಿಯನ್ನು ಹೊರಗೆಳೆದ. ಪಟ್ಟಿಯ ಉದ್ದಕ್ಕೂ ಬೆರಳಗಲದ ರೀಡುಗಳು, ಅಂದರೆ ಉಕ್ಕಿನ ನಾಲಿಗೆ ಕೂರಿಸಿದ ಸಣ್ಣ ತಗಡುಗಳು, ಸಾಲಾಗಿ ನಿಂತಿರುತ್ತವೆ. ಗಾಳಿ ಹಾದಾಗ ಮಾತಾಡುವುದು ಅವೇ. ಅವನ್ನು ಮರಕ್ಕೆ ಹಿಡಿದಿಡುವುದಕ್ಕೆ ಮೊಳೆಯಿಲ್ಲ, ಅಂಟಿಲ್ಲ. ಸುತ್ತ ಎರೆದ ಮೇಣ ಒಂದೇ. ಈಗ ಆ ಸಾಲಿನ ನಡುವೆ ಬೋಳು ಜಾಗವಿತ್ತು. ಉದುರಿದ ರೀಡುಗಳು ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದವು. ಮೇಣ, ಒಣಗಿದ ಗಾಯದ ಹಕ್ಕಳೆಯಂತೆ, ಇಡಿಯಾಗಿ ಎದ್ದು ಬಂದಿತ್ತು.

ಆ ಇಬ್ಬರಲ್ಲಿ ಹಿರಿಯಳಾದ ಮೇಣದಕ್ಕ ಕಣ್ಣು ಹಾಯಿಸಿದ್ದು ಮೇಣದ ಗೆರೆಯ ತುದಿಗೆ. ಸೌಟನ್ನು ಮೇಲೆತ್ತುವಾಗ ಪ್ರತಿಯೊಬ್ಬರ ಕೈಯೂ ಒಂದು ಬಾಲ ಬಿಡುತ್ತದೆ. ಅವಳದು ಎಡಕ್ಕೆ ಸುತ್ತಿಕೊಂಡ ಪುಟ್ಟ ಬಾಲ. ಇಲ್ಲೂ ಬಾಲ ಎಡಕ್ಕೇ ಸುತ್ತಿತ್ತು. ಆದರೆ ಅವಳ ಪಕ್ಕದಲ್ಲಿ ಕೂರುವ ನಾದಿನಿಗೆ, ತಮ್ಮನ ಹೆಂಡತಿಗೆ, ಈ ಕೆಲಸ ಕಲಿಸಿದವಳೂ ಅವಳೇ. ಆ ಹುಡುಗಿಯ ಬಾಲವೂ ಎಡಕ್ಕೇ ಸುತ್ತುತ್ತದೆ.

"ಈ ಬೆಂಚಿಗೆ ಇರೋದು ಎರಡು ಜೊತೆ ಕೈ," ಎಂದ ಯಜಮಾನ. "ಒಂದು ಜೊತೆ ಕೆಟ್ಟಿದೆ. ಯಾವುದು ಅಂತ ನನಗೆ ಗೊತ್ತಾದ ದಿನ ಆ ಜೊತೆ ಮನೆಗೆ."

ಮನೆಗೆ ಎಂದರೆ ಬರೀ ಮನೆಗಲ್ಲ. ರೀಡು ಉದುರಿಸಿದವಳು ಎಂಬ ಹೆಸರು ಬಂದರೆ ಊರಿನ ಯಾವ ಕಾರ್ಖಾನೆಯೂ ಅವಳ ಕೈಗೆ ಸೌಟು ಕೊಡುವುದಿಲ್ಲ. ಮೇಣದಕ್ಕನಿಗೆ ಸೌಟು ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ. ಗಂಡ ಹೋದ ಮೇಲೆ ತಮ್ಮನ ಮನೆಯಲ್ಲಿ ಅವಳು ತಲೆಯೆತ್ತಿ ಕೂತಿದ್ದರೆ ಅದು ಈ ಸೌಟಿನಿಂದ.

ಶ್ರುತಿ ಕೂಡಿಸುವ ಮುದುಕನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು. ಯಜಮಾನ ಮೆಟ್ಟಿಲು ಹತ್ತಿ ಮರೆಯಾದ ಮೇಲೆ ಅವನು ತಲೆಯೆತ್ತದೆಯೇ ಹೇಳಿದ: "ಮೇಣ ಒಳ್ಳೇದಿದ್ರೆ ಕತ್ತೆ ಎರೆದ್ರೂ ನಿಲ್ಲತ್ತೆ."

"ಹಂಗಾದ್ರೆ ನಾಳೆಯಿಂದ ನೀನೇ ಎರೀ, ಕಿವಿಯಣ್ಣ," ಎಂದಳು ಮೇಣದಕ್ಕ. ಯಾರೂ ನಗಲಿಲ್ಲ.

ಅಂದಿನಿಂದ ಅವಳು ನಾದಿನಿಯ ಕೈಯನ್ನೇ ನೋಡತೊಡಗಿದಳು. ಕೈಯಲ್ಲಿ ತಪ್ಪಿರಲಿಲ್ಲ. ಹಳೆಯ ಮೇಣವನ್ನು ಮರಕ್ಕೆ ಗಾಯವಾಗದಂತೆ ಕೆರೆಯುತ್ತಿದ್ದಳು. ಕೊಕ್ಕಿನ ಸೌಟನ್ನು ಉರಿಯ ಮೇಲೆ ಹಿಡಿದು, ಹೊಗೆ ಏಳುವ ಮುಂಚೆ ತೆಗೆದು, ರೀಡಿನ ಅಂಚಿನಗುಂಟ ಒಂದೇ ಉಸಿರಿಗೆ ಎರೆಯುತ್ತಿದ್ದಳು. ನಾಲಿಗೆಯ ಮೇಲೆ ಒಂದು ತೊಟ್ಟೂ ಬೀಳುತ್ತಿರಲಿಲ್ಲ. ಕೈ ಸರಿಯಿದ್ದು ಮೇಣ ಕೆಟ್ಟಿದ್ದರೆ ಏನರ್ಥ? ಒಳ್ಳೆಯ ಜೇನುಮೇಣವನ್ನು ಯಾರೋ ಎತ್ತಿ, ಮೇಣದಬತ್ತಿ ಕರಗಿಸಿ ಸುರಿಯುತ್ತಿದ್ದಾರೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಪಾತ್ರೆ ಒಲೆಗಿಡುವವರು ಯಾರು? ನಾದಿನಿ. ಚಪ್ಪಲಿ ಹೊಸದಾಗಿದೆಯಲ್ಲ? ಹೊಸದೇ. ಅನುಮಾನಕ್ಕೆ ಒಂದು ಚಪ್ಪಲಿ ಸಾಕು, ಊರೆಲ್ಲ ತಿರುಗಿಕೊಂಡು ಬರುತ್ತದೆ.

ಮೇಣ ಸ್ವಲ್ಪ ದಿನದಿಂದ ಪುಡಿಯಾಗುತ್ತಿದೆ ಎಂಬುದು ಅವಳಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಮೇಣಕ್ಕೆ ಬೆರೆಸುವ ರಾಳ ಹೆಚ್ಚಾದರೆ ಅದು ಗರಿಗರಿಯಾಗುತ್ತದೆ ಎಂದು ಅವಳು ಯಾರಿಗೂ ಹೇಳದೆ ರಾಳ ಕಡಿಮೆ ಮಾಡುತ್ತ ಬಂದಿದ್ದಳು. ಈಗ ಹೇಳಿದರೆ ತಪ್ಪು ತನ್ನ ತಲೆಗೇ ಬರುತ್ತದೆ. ಹಾಗಾಗಿ ಬಾಯಿ ಕಟ್ಟಿಕೊಂಡಳು.

ಮನೆಯಲ್ಲಿ ಮೂವರೂ ಒಂದೇ ಅಡುಗೆಮನೆಯಲ್ಲಿ ಕೂತು ಉಣ್ಣುತ್ತಿದ್ದರು. "ಇಬ್ಬರೂ ಬಾಯಿಗೆ ಮೇಣ ಎರ್ಕೊಂಡಿದ್ದೀರಾ?" ಎಂದ ತಮ್ಮ.

"ಅತ್ತಿಗೆಗೆ ಸುಸ್ತು," ಎಂದಳು ಅವನ ಹೆಂಡತಿ.

"ನನಗೇನು ಸುಸ್ತಿಲ್ಲ. ನಿನ್ನ ಹೆಂಡ್ತಿಗೇ ನಿದ್ದೆ ಸಾಲ್ತಿಲ್ಲ. ಬೆಳಗಾಗೋಕೆ ಮುಂಚೆ ಓಡ್ತಾಳೆ."

"ಕೆಲಸ ಇರತ್ತಲ್ಲ ಅತ್ತಿಗೆ."

"ಇರತ್ತೆ ಇರತ್ತೆ."

ಊಟವಾದ ಮೇಲೆ ನೀರು ಹಿಡಿಯಲು ನಾದಿನಿ ಹೊರಗೆ ಹೋದಳು. ಅವಳ ಚೀಲ ಗೂಟಕ್ಕೆ ನೇತಾಡುತ್ತಿತ್ತು. ಮೇಣದಕ್ಕ ಅದರೊಳಗೆ ಕೈ ಹಾಕಿದಳು. ಬಾಚಣಿಗೆಯ ಕೆಳಗೆ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಗೋಲಿಯಷ್ಟು ಗಾತ್ರದ ಮೇಣದ ಉಂಡೆಗಳು. ಗಂಟನ್ನು ಇದ್ದ ಹಾಗೆ ಕಟ್ಟಿ ಇದ್ದಲ್ಲೇ ಇಟ್ಟಳು. ತೃಪ್ತಿಯಂಥದೊಂದು ಎದೆಯೊಳಗೆ ಹರಿದಾಡಿತು. ಆ ತೃಪ್ತಿಗೆ ಅವಳೇ ಸ್ವಲ್ಪ ನಾಚಿದಳು, ಆದರೆ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಮೆಟ್ಟಿಲು ಹತ್ತಿ ಯಜಮಾನನ ಕೋಣೆಗೆ ಹೋದಳು. ಯಜಮಾನನೂ ಒಂದು ಕಾಲಕ್ಕೆ ಇದೇ ಬೆಂಚಿನಲ್ಲಿ ಸೌಟು ಹಿಡಿದವನು. ಬಲಗೈ ಹೆಬ್ಬೆರಳಿನಲ್ಲಿ ಮೇಣ ಸುಟ್ಟ ಕಲೆ ಇನ್ನೂ ಇತ್ತು. ಅದನ್ನು ತೋರಿಸಿ, "ನಾನೂ ನಿಮ್ಮವನೇ" ಎನ್ನುವುದು ಅವನ ಅಭ್ಯಾಸ. ಸಂಬಳ ಹೆಚ್ಚಿಸಿ ಎಂದು ಕೇಳಿದ ದಿನ ಮಾತ್ರ ಆ ಕೈ ಜೇಬಿನಲ್ಲಿರುತ್ತಿತ್ತು.

"ಅವಳ ಚೀಲದಲ್ಲಿ ಮೇಣ ಇದೆ," ಎಂದಳು ಮೇಣದಕ್ಕ.

ಅವನು ಆಶ್ಚರ್ಯಪಡಲಿಲ್ಲ. "ಕಣ್ಣಿಟ್ಟಿರು," ಎಂದ. "ನನ್ನ ನಂಬಿಕೆ ಇರೋದು ನಿನ್ನ ಮೇಲೇ."

ಇಳಿದು ಬರುವಾಗ ಆ ಮಾತು ಅವಳಿಗೆ ಬೆಚ್ಚಗೆ ಅನ್ನಿಸಿತು. ಹೆಸರಂತೂ ಹೇಳಿಯಾಗಿತ್ತು, ಇನ್ನು ಕೈಯಾರೆ ಹಿಡಿಯಬೇಕು. ಸಂಜೆ ಎಲ್ಲರೂ ಹೋದ ಮೇಲೆ, ಪಾತ್ರೆಯಲ್ಲಿ ಉಳಿದ ಮೇಣ ಹೆಪ್ಪುಗಟ್ಟುವ ಮುಂಚೆ, ಒಲೆಯ ತಳದ ಮಸಿಯನ್ನು ಕೆರೆದು ಅದರ ಮೇಲೆ ಉದುರಿಸಿ ಕಡ್ಡಿಯಿಂದ ತಿರುವಿದಳು. ಬೆಳಿಗ್ಗೆ ಮಸಿ ಇದ್ದರೆ ಮೇಣ ಅದೇ. ಮಸಿ ಮಾಯವಾಗಿದ್ದರೆ ಕಳ್ಳಿ ಸಿಕ್ಕಳು.

ಬೆಳಿಗ್ಗೆ ಅವಳು ನಾದಿನಿಯ ಹಿಂದೆಯೇ ಹೊರಟಳು. ನಾದಿನಿ ಪಾತ್ರೆಗೆ ಕೈ ಹಾಕಿದಾಗ, "ಕಾಯಿಸಬೇಡ. ಬೋರಲು ಹಾಕು," ಎಂದಳು.

ನಾದಿನಿ ಅವಳನ್ನು ದಿಟ್ಟಿಸಿ ನೋಡಿದಳು. "ನಾನೂ ಅದನ್ನೇ ಹೇಳಬೇಕು ಅಂತಿದ್ದೆ," ಎಂದು ಪಾತ್ರೆ ಬೋರಲು ಹಾಕಿ ತಳಕ್ಕೆ ತಟ್ಟಿದಳು.

ಮೇಣದ ಬಿಲ್ಲೆ ಬೆಂಚಿನ ಮೇಲೆ ಬಿತ್ತು. ಬದಿಯಲ್ಲಿ ಕಪ್ಪು ಎಳೆಗಳು ಹಾಗೇ ಇದ್ದವು. ಆದರೆ ಪಾತ್ರೆಯ ತಳದಲ್ಲಿದ್ದು ಈಗ ಮೇಲೆ ಬಂದ ಮೈ ಪೂರಾ ಕೆಂಪು. ಸೌಟು ತಿಕ್ಕುವ ಇಟ್ಟಿಗೆ ಪುಡಿ ಅಲ್ಲಿ ಕೂತು ಗಟ್ಟಿಯಾಗಿತ್ತು.



"ಕೆಂಪು ನಂದು," ಎಂದಳು ನಾದಿನಿ. "ನಿನ್ನೆ ಮಧ್ಯಾಹ್ನ ಹಾಕ್ದೆ. ನೀವು ಇಲ್ಲದಾಗ. ಸಂಜೆ ಕೊನೆಗೆ ಹೋಗೋರು ನೀವಲ್ವಾ ಅತ್ತಿಗೆ."

"ಕಪ್ಪು ನಂದು," ಎಂದಳು ಮೇಣದಕ್ಕ.

ನಾದಿನಿ ಚೀಲದಿಂದ ಗಂಟು ತೆಗೆದು ಬೆಂಚಿನ ಮೇಲೆ ಬಿಚ್ಚಿದಳು. "ನೀವು ರಾಳ ಕಮ್ಮಿ ಹಾಕ್ತಿದ್ರಿ. ನೋಡ್ತಾನೇ ಇದ್ದೆ. ಸಾಕ್ಷಿಗೆ ಅಂತ ದಿನಾ ಒಂದು ಉಂಡೆ ಎತ್ತಿಟ್ಟೆ. ಯಜಮಾನ್ರು ಹೇಳಿದ್ರು, ಕಣ್ಣಿಟ್ಟಿರು, ನನ್ನ ನಂಬಿಕೆ ಇರೋದು ನಿನ್ನ ಮೇಲೇ ಅಂತ."

ಮೇಣದಕ್ಕ ಬಿಲ್ಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನಿನ್ನೆ ಬೆಚ್ಚಗಿದ್ದ ಮಾತು ಈಗ ಎಂಜಲಾಗಿ ಕಂಡಿತು. ಬಿಲ್ಲೆಗೆ ಹೆಬ್ಬೆರಳ ಉಗುರು ಒತ್ತಿದಳು. ಒಳ್ಳೆಯ ಮೇಣ ಉಗುರನ್ನು ಒಳಗೆ ಬಿಟ್ಟುಕೊಂಡು, ಅದರ ಗುರುತನ್ನು ಹಾಗೇ ಇಟ್ಟುಕೊಳ್ಳುತ್ತದೆ. ಇದು ಬಿಳಿಯ ಚಕ್ಕೆಯಾಗಿ ಸಿಡಿಯಿತು. ಎರಡು ಗುರುತೂ ಇದ್ದ ಹಾಗೇ ಇವೆ ಎಂದರೆ ಪಾತ್ರೆಯ ಮೇಣವನ್ನು ಯಾರೂ ಬದಲಿಸಿಲ್ಲ, ಆದರೂ ಮೇಣ ಕೆಟ್ಟದ್ದು.

ಇಬ್ಬರೂ ಒಟ್ಟಿಗೇ ಉಗ್ರಾಣದ ಕಡೆ ತಿರುಗಿದರು. ಮೂಲೆಯಲ್ಲಿ ಹೊಸ ಮೇಣದ ಚೀಲವಿತ್ತು. ಬಾಯಿಯ ಹೊಲಿಗೆ ಬಿಚ್ಚಿರಲಿಲ್ಲ. ನಾದಿನಿ ಹೊಲಿಗೆ ಕತ್ತರಿಸಿ ಒಂದು ಅಚ್ಚು ಹೊರತೆಗೆದಳು. ಬಣ್ಣ ಹಳದಿ, ವಾಸನೆ ಜೇನಿನದೇ. ತುಂಡು ಮುರಿದು ಇಬ್ಬರೂ ಬಾಯಿಗೆ ಹಾಕಿಕೊಂಡು ಅಗಿದರು. ನಿಜವಾದ ಜೇನುಮೇಣ ಅಗಿದಷ್ಟೂ ಮೆತ್ತಗಾಗಿ ಒಂದುಗೂಡುತ್ತದೆ. ಇದು ಹಲ್ಲಿನಡಿ ಪುಡಿಪುಡಿಯಾಗಿ ಬಾಯಿತುಂಬ ಹರಡಿತು.

"ಥೂ," ಎಂದಳು ನಾದಿನಿ. "ಮೇಣದಬತ್ತಿ. ಮೇಲೆ ಬಣ್ಣ, ಅತ್ತರು."

ಚೀಲ ಅಲ್ಲಿಯೇ ಇತ್ತು, ಅವರು ದಿನಾ ದಾಟಿ ಹೋಗುವ ದಾರಿಯಲ್ಲೇ. ಅನುಮಾನದ ಕಣ್ಣು ಅಕ್ಕಪಕ್ಕ ನೋಡುತ್ತದೆ; ಕತ್ತೆತ್ತಿ ನೋಡುವ ಅಭ್ಯಾಸ ಅದಕ್ಕಿಲ್ಲ. ಅದನ್ನು ಹಾಗೆ ಸಾಕಿದವರಿಗೆ ಇದು ಚೆನ್ನಾಗಿ ಗೊತ್ತು.

"ಯಜಮಾನ್ರಿಗೂ ಗೊತ್ತಿಲ್ವೇನೋ," ಎಂದಳು ಮೇಣದಕ್ಕ. ಇನ್ನೂ ಅವಳ ಮನಸ್ಸು ಆ ಕಡೆಗೇ ಎಳೆಯುತ್ತಿತ್ತು. "ಮಾರಿದವನೇ ಟೋಪಿ ಹಾಕಿರಬಹುದು. ತೋರಿಸೋಣ."

ಯಜಮಾನ ಬಂದ ಮೇಲೆ ಇಬ್ಬರೂ ಮೇಲೆ ಹೋದರು. ಮೇಣದಕ್ಕ ಅಚ್ಚಿನ ತುಂಡನ್ನು ಅವನ ಕೈಗೇ ಕೊಟ್ಟಳು. "ಹೊಸ ಚೀಲದ್ದು, ಯಜಮಾನ್ರೇ. ಹೊಲಿಗೆ ಈಗಷ್ಟೇ ಬಿಚ್ಚಿದ್ವಿ."

ಸೌಟು ಹಿಡಿದ ಯಾವ ಕೈಗಾದರೂ ಒಂದು ತುಂಡು ಮೇಣ ಕೊಟ್ಟು ನೋಡಿ, ಹೆಬ್ಬೆರಳು ತಾನಾಗಿ ಅದರ ಮೇಲೆ ಹೋಗಿ ಉಗುರು ಒತ್ತುತ್ತದೆ. ನಿದ್ದೆಯಲ್ಲಿ ಕೊಟ್ಟರೂ ಒತ್ತುತ್ತದೆ. ಮೇಣದಕ್ಕ ಅವನ ಹೆಬ್ಬೆರಳನ್ನೇ ನೋಡಿದಳು. ಸುಟ್ಟ ಕಲೆಯ ಹೆಬ್ಬೆರಳು. ಅದು ಅಲುಗಲಿಲ್ಲ. ಯಜಮಾನ ತುಂಡನ್ನು, ಬಿಸಿ ಇದೆಯೇನೋ ಎಂಬಂತೆ, ಬೆರಳ ತುದಿಯಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟ.

"ಮೇಣ ಚೆನ್ನಾಗೇ ಇದೆ," ಎಂದ.

"ಉಗುರು ಒತ್ತಿ ನೋಡಿ," ಎಂದಳು ನಾದಿನಿ.

ಅವನು ಅವಳನ್ನು ನೋಡಿ ನಕ್ಕ. ಕೆಟ್ಟ ನಗೆಯೇನಲ್ಲ, ಹಿರಿಯರು ನಗುವ ನಗೆ. "ನಿನ್ನ ಚೀಲದಲ್ಲಿ ಏನಿದೆ ಅಂತ ನಾನು ಕೇಳಿದ್ನಾ, ಮಗಾ? ನಿನ್ನೆ ನಿನ್ನ ಅತ್ತಿಗೆನೇ ಇಲ್ಲಿಗೆ ಬಂದು ಹೇಳಿದ್ರೂ ನಾನು ಕೇಳಲಿಲ್ಲ. ಹೋಗ್ರಿ, ಕೆಲಸ ನೋಡ್ರಿ."

ಮೇಣದಕ್ಕ ನೆಲ ನೋಡಿದಳು. ಬಾಯಿಯಲ್ಲಿ ಇನ್ನೂ ಆ ಪುಡಿ ಇತ್ತು, ನುಂಗಲೂ ಆಗದು, ಅವನ ಮುಂದೆ ಉಗುಳಲೂ ಆಗದು. ಪಕ್ಕದಲ್ಲಿ ನಾದಿನಿ ತನ್ನತ್ತ ತಿರುಗುತ್ತಾಳೆಂದು ಕಾದಳು. ತಿರುಗಲಿಲ್ಲ.

"ಹೇಳಿದ್ದು ಹೌದು," ಎಂದಳು ಮೇಣದಕ್ಕ, ಯಾರ ಮುಖವನ್ನೂ ನೋಡದೆ. "ನಾನೇ ಹೇಳ್ದೆ. ಅದು ಅವಳು ನಾನು ಬಗೆಹರಿಸ್ಕೋತೀವಿ. ನೀವು ಉಗುರು ಒತ್ತಿ."

ಯಜಮಾನ ಕೈಯನ್ನು ಜೇಬಿಗೆ ಹಾಕಿಕೊಂಡ.

ನಾದಿನಿ ಮುಂದಾಗಿ ಮೆಟ್ಟಿಲಿಳಿದಳು. ಕೆಳಗೆ ಕಿವಿಯಣ್ಣ ರೀಡೊಂದನ್ನು ಮೀಟಿ ಕಿವಿಗೊಡುತ್ತಿದ್ದ. "ಯಾವ ಜೊತೆ ಮನೆಗೆ?" ಎಂದು ಕೇಳಿ, ಇಬ್ಬರ ಮುಖ ನೋಡಿ, ರೀಡನ್ನು ಮೆಲ್ಲಗೆ ಕೆಳಗಿಟ್ಟ. ನಾದಿನಿ ತನ್ನ ಸ್ಟೂಲನ್ನು ಎಳೆದು ಮೇಣದಕ್ಕನ ಸ್ಟೂಲಿನಿಂದ ಒಂದು ಗೇಣು ದೂರ ಹಾಕಿಕೊಂಡು ಕೂತಳು.

"ಚಪ್ಪಲಿನೂ ನೋಡಿದ್ರಿ ಅಲ್ವಾ ಅತ್ತಿಗೆ?" ಎಂದಳು.

"ನೋಡಿದೆ ಕಣೇ."

"ಅಮ್ಮ ಕೊಡಿಸಿದ್ದು."

ಮೇಲಿನ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಯಜಮಾನ ಕಟಾಂಜನಕ್ಕೆ ಒರಗಿ ಕೆಳಗೆ ನೋಡುತ್ತಿದ್ದುದು ಅವರಿಗೆ ಬೆನ್ನಿನಿಂದಲೇ ತಿಳಿಯುತ್ತಿತ್ತು. ಬೆಂಚಿನ ಮೇಲೆ ರೀಡುಗಳು ಮರದ ಪಟ್ಟಿಯಲ್ಲಿ ಸಾಲಾಗಿ ನಿಂತು ಮೇಣಕ್ಕಾಗಿ ಕಾದಿದ್ದವು. ಮೇಣದಕ್ಕ ಕೆಂಪು ಕಪ್ಪಿನ ಬಿಲ್ಲೆಯನ್ನು ಎತ್ತಿ ಪಾತ್ರೆಗೆ ಹಾಕಿದಳು. ಕಡ್ಡಿಪೆಟ್ಟಿಗೆ ಅವಳ ಕೈಗೆಟುಕುವಲ್ಲೇ ಇತ್ತು; ಅವಳು ಅದನ್ನು ಮುಟ್ಟಲಿಲ್ಲ. ತನ್ನ ಸೌಟನ್ನು ತೆಗೆದು ಪಾತ್ರೆಯ ಬಾಯಿಗೆ ಅಡ್ಡ ಇಟ್ಟಳು.

ಎಷ್ಟೋ ಹೊತ್ತಿನ ಮೇಲೆ ನಾದಿನಿಯ ಕೈ ಬಂತು. ಅವಳ ಸೌಟು, ಆ ಸೌಟಿನ ಪಕ್ಕದಲ್ಲಿ, ಮುಟ್ಟದೆ, ಅಡ್ಡ ಮಲಗಿತು. ಒಲೆ ತಣ್ಣಗಿತ್ತು.