ಗಂಗಾದೇವಿಯ ಸ್ಲೋ ಕುಕರ್ ಮತ್ತು ಆರು ಏಡಿಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಏಡಿಯಿಂದ ಶುರು ಮಾಡಿದರೆ ಅಡುಗೆ ಪುಸ್ತಕ ಅನ್ನುತ್ತೀರಿ. ಸಾವಿನಿಂದ ಶುರು ಮಾಡಿದರೆ, ಕಥೆ ಬರೆಯುವವರಿಗೆ ಬೇರೆ ವಿಷಯವೇ ಸಿಗುವುದಿಲ್ಲವೇ ಅನ್ನುತ್ತೀರಿ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಡಿಲೀಟ್ ಮಾಡಿದ್ದೇನೆ. ಒಂದು ಡ್ರಾಫ್ಟಿನಲ್ಲಂತೂ ಹಿಂದೂಪುರಕ್ಕೆ ಸಮುದ್ರವನ್ನೇ ತಂದಿದ್ದೆ. (ನಮ್ಮೂರಿಗೆ ಸಮುದ್ರ ಬರುವುದು ಭಾನುವಾರ ಬೆಳಗ್ಗೆ, ಥರ್ಮೋಕೋಲ್ ಡಬ್ಬದಲ್ಲಿ, ಐಸಿನ ಕೆಳಗೆ.)

ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಡುವೆ ಬಾಯಿ ಹಾಕುವುದು ನನ್ನ ಚಾಳಿ, ಸಹಿಸಿಕೊಳ್ಳಿ.

೨

ಗಂಗಾದೇವಿ ನನ್ನ ಮನೆ ಓನರ್. ಕೆಳಗಿನ ಮನೆಯಲ್ಲಿ ಅವರೊಬ್ಬರೇ, ಮಹಡಿಯಲ್ಲಿ ನಾನು, ಕನ್ನಡ ಮೇಷ್ಟ್ರು. ಗಂಗಾದೇವಿ ಹನ್ನೊಂದು ವರ್ಷ ಕುವೈತಿನ ಒಂದು ಮನೆಯಲ್ಲಿ ಅಡುಗೆ ಮಾಡಿ ಬಂದವರು. ಹೊರಡುವಾಗ ಆ ಮನೆಯ ಯಜಮಾನಿ ಒಂದು ಸ್ಲೋ ಕುಕರ್ ಕೊಟ್ಟಿದ್ದಳು. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಬೆಳಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಬೇಯುವ ಸಾವಧಾನದ ಯಂತ್ರ. ಆರು ವರ್ಷ ಅಟ್ಟದ ಮೇಲಿತ್ತು. ಹೋದ ತಿಂಗಳ ಒಂದು ಶನಿವಾರ ಅದನ್ನು ಇಳಿಸಿ ತೊಳೆಯುತ್ತಿದ್ದರು.

"ಮೇಷ್ಟ್ರೇ, ನಾಳೆ ಕಲ್ಯಾಣದುರ್ಗದಿಂದ ನಮ್ಮಕ್ಕ ರಮಾದೇವಿ ಬತ್ತಾಳೆ. ಮಗಳು ಕೀರ್ತನಾ ಮದ್ವೆಗೆ ಕರೆಯಾಕೆ. ನೀವೂ ಊಟಕ್ಕೆ ಬರ್ಬೇಕು."

"ಅಕ್ಕ ತಂಗಿ ನಡುವೆ ನಾನ್ಯಾಕಮ್ಮ?"

"ನಾವಿಬ್ರೂ ಮಾತಾಡಿ ಎಂಟು ವರ್ಷ ಆಯ್ತು. ನಡುವೆ ಯಾರಾನ ಇದ್ರೆ ವಾಸಿ."

೩

ಎಂಟು ವರ್ಷದ ಹಿಂದೆ ಕಲ್ಯಾಣದುರ್ಗದಲ್ಲಿ ಅವರ ಅಮ್ಮ ನರಸಕ್ಕ ತೀರಿಕೊಂಡರು. ಗಂಗಾದೇವಿ ಆಗ ಕುವೈತಿನಲ್ಲಿದ್ದರು. ಹತ್ತಿರವಿದ್ದ ರಮಾದೇವಿ ತಂಗಿಗೆ ತಿಳಿಸಲಿಲ್ಲ. ಹನ್ನೊಂದರ ತಿಥಿಯೂ ಮುಗಿದು ಹನ್ನೆರಡನೆಯ ದಿನ, ರಮಾದೇವಿಯ ಗಂಡ ವೆಂಕಟರಾಮಪ್ಪ ಫೋನ್ ಮಾಡಿ ಹೇಳಿದರು.

"ಬೇರೆ ಯಾರ್ದೋ ಅಮ್ಮ ಹೋದಂಗೆ ಹೇಳಿದ್ರು," ಎಂದರು ಗಂಗಾದೇವಿ. ತೊಳೆದ ಮುಚ್ಚಳವನ್ನೇ ಮತ್ತೆ ತೊಳೆಯುತ್ತಿದ್ದರು.

"ಮದುವೆಗೆ ಹೋಗ್ತೀರಾ?"

"ಹೋಗಾಕಿಲ್ಲ."

"ಮತ್ತೆ ಅವರಿಗೆ ಇಷ್ಟೆಲ್ಲ ಅಡುಗೆ ಯಾಕೆ?"

"ಹನ್ನೊಂದು ವರ್ಷ ಕಂಡೋರಿಗೆ ಬೇಯಿಸಿ ಇಕ್ಕಿದ್ದೀನಿ. ನಮ್ಮೋರು ಒಬ್ರೂ ತಿಂದಿಲ್ಲ. ತಿನ್ಲಿ, ಆಮೇಲೆ ಹೋಗ್ಲಿ."

(ಇಲ್ಲಿ ನಾನು ತಾಯ್ತನ, ಅನ್ನ, ಕ್ಷಮೆ ಕುರಿತು ಒಂದು ಪುಟ ಬರೆದಿದ್ದೆ. ಅದರಲ್ಲಿ ಏಡಿ ಇರಲಿಲ್ಲ. ಕಿತ್ತು ಹಾಕಿದೆ.)

೪

ಭಾನುವಾರ ಒಂಬತ್ತಕ್ಕೆ ನಾನು ಆರು ಏಡಿ, ಒಂದು ಕೆಜಿ ಸಿಗಡಿ ತಂದೆ. ಗಂಗಾದೇವಿ ಅವನ್ನು ಬಿಚ್ಚಲೇ ಇಲ್ಲ, ಹಾಗೇ ಫ್ರಿಜ್ಜಿನಲ್ಲಿ ಇಟ್ಟರು. ಮೊದಲು ಕುಕರಿಗೆ ಬಿದ್ದದ್ದು ಸಣ್ಣ ಆಲೂಗಡ್ಡೆ, ತುಂಡು ಮಾಡಿದ ಮುಸುಕಿನ ಜೋಳ, ಅರ್ಧಕ್ಕೆ ಕೊಯ್ದ ಈರುಳ್ಳಿ, ಬಿಡಿಸದ ಬೆಳ್ಳುಳ್ಳಿ ಗೆಡ್ಡೆ, ಮೆಣಸು, ಖಾರದಪುಡಿ, ನಿಂಬೆಹಣ್ಣು, ಬೆಣ್ಣೆ, ನೀರು.

"ಗಡ್ಡೆ ಬೇಯಾಕೆ ಹೊತ್ತು ಬೇಕು. ಸಿಗಡಿ, ಏಡಿ ಕೊನೇಗೆ. ಮೊದ್ಲೇ ಹಾಕಿದ್ರೆ ರಬ್ಬರ್ ಆಯ್ತವೆ. ನಡುವೆ ಮುಚ್ಚಳ ಮಾತ್ರ ತೆಗೀಬಾರ್ದು, ಬಿಸಿ ಹೊಂಟೋಯ್ತದೆ."

ಹತ್ತೂವರೆಗೆ ಬಸ್ಸು ಸೋಮಂದೇಪಲ್ಲಿ ದಾಟಿತು ಎಂದು ರಮಾದೇವಿಯ ಫೋನ್ ಬಂತು. ನನ್ನ ಫೋನಿಗೆ. ತಂಗಿಯ ನಂಬರ್ ಅವರ ಹತ್ತಿರ ಇರಲಿಲ್ಲ, ಗಂಗಾದೇವಿ ಕೊಟ್ಟು ಕಳಿಸಿದ್ದು ನನ್ನ ನಂಬರ್.

೫

ರಮಾದೇವಿ ಬಂದರು. ತಂಗಿಗಿಂತ ಆರು ವರ್ಷ ದೊಡ್ಡವರು, ಕುಳ್ಳಗೆ, ಕೈಚೀಲದ ತುಂಬ ಕಡಲೆಕಾಯಿ. ಗಂಗಾದೇವಿ ನೀರು ಕೊಟ್ಟರು. ಅಕ್ಕ ನನ್ನ ಕಡೆ ನೋಡಿ ಮಾತಾಡಿದರು, ತಂಗಿಯೂ ನನ್ನ ಕಡೆ ನೋಡಿಯೇ ಉತ್ತರ ಕೊಟ್ಟರು. ಬಸ್ಸಿನಲ್ಲಿ ಸೀಟಿತ್ತೇ, ಬಿಸಿಲು ಹೇಗಿದೆ, ಇಷ್ಟೇ. ಇಬ್ಬರ ನಡುವೆ ಪೋಸ್ಟ್ ಆಫೀಸಿನ ಕೆಲಸ ನನ್ನದು.

ಆಮೇಲೆ ರಮಾದೇವಿ ಅಡುಗೆಮನೆ ಬಾಗಿಲಲ್ಲಿ ನಿಂತು ಕುಕರನ್ನೇ ನೋಡಿದರು.

"ಉರಿ ಎಲ್ಲೈತೆ ಇದ್ರಾಗೆ?"

"ಒಳಗೇ ಐತೆ. ಸಣ್ಣಗೆ ಬೇಯ್ತಾ ಇರ್ತೈತೆ," ಎಂದರು ತಂಗಿ, ಮೊದಲ ಸಲ ನೇರವಾಗಿ.

"ಅಮ್ಮನ ಹೊಟ್ಟಿನ ಒಲೆ ಇದ್ದಂಗೆ."

ಗಂಗಾದೇವಿ ಒಂದು ಮಣೆ ತಂದು ಅಕ್ಕನಿಗೆ ಹಾಕಿದರು.

ನನಗೆ ಹೊಟ್ಟಿನ ಒಲೆ ಗೊತ್ತಿರಲಿಲ್ಲ. ರಮಾದೇವಿಯೇ ವಿವರಿಸಿದರು. ತಗಡಿನ ಡಬ್ಬಕ್ಕೆ ಕಡಲೆಕಾಯಿ ಹೊಟ್ಟನ್ನು ಒತ್ತಿ ತುಂಬಿ ನಡುವೆ ತೂತು ಬಿಟ್ಟರೆ ಅರ್ಧ ದಿನ ಒಂದೇ ಸಮ ಉರಿಯುತ್ತದೆ. ನರಸಕ್ಕ ಮಡಕೆ ಇಟ್ಟು ಕಾಯಿ ಬಿಡಿಸಲು ಬೆಳುಗುಪ್ಪದ ಕಡೆ ಹೊಲಗಳಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಕೆರೆ ತುಂಬಿದರೆ ಮಕ್ಕಳಿಬ್ಬರೂ ಏಡಿ ಹಿಡಿದು ತರುತ್ತಿದ್ದರು.

"ಇವಳು ಬಿಲಕ್ಕೆ ಕೈ ಹಾಕ್ತಿರ್ಲಿಲ್ಲ. ನನ್ ಕೈನೇ ಹಾಕಿಸ್ತಿದ್ಲು," ಎಂದರು ರಮಾದೇವಿ.

"ನೀನು ದೊಡ್ಡೋಳು, ಅದ್ಕೆ."

"ಅಮ್ಮ ಅಂತಿದ್ಲು, ಎಂಡ್ರಕಾಯ ನಿನ್ನೇ ಎಕ್ಕುವ ಕರುಸ್ತುಂದಿ ಅಂತ." ನನಗಾಗಿ ಕನ್ನಡದಲ್ಲೂ ಹೇಳಿದರು, ಏಡಿ ನಿನ್ನನ್ನೇ ಜಾಸ್ತಿ ಕಚ್ಚುತ್ತೆ ಎಂದು. ಎಡಗೈ ಹೆಬ್ಬೆರಳಿನ ಹಳೆಯ ಗಾಯ ತೋರಿಸಿದರು. ತಂಗಿ ಆ ಬೆರಳನ್ನು ನೋಡಿ ಮುಖ ತಿರುಗಿಸಿದರು.

೬

ಹನ್ನೆರಡಕ್ಕೆ ಕರೆಂಟ್ ಹೋಯಿತು. (ಓದುಗರೇ, ಇದು ನಾನು ಕಥೆಗೆ ತೆಗೆದದ್ದಲ್ಲ, ತಾನಾಗಿ ಹೋದದ್ದು.)

"ಬೇರೆ ಪಾತ್ರೆಗೆ ಸುರ್ದು ಗ್ಯಾಸ್ ಮೇಲೆ ಇಕ್ಬಾರ್ದಾ?" ಎಂದರು ರಮಾದೇವಿ.

"ಬೇಡ. ಮುಚ್ಚಳ ತೆಗೀದಿದ್ರೆ ಒಳಗೆ ಬಿಸಿ ಇರ್ತೈತೆ. ಕಾಯೋಣ."

ಕಾಯುವಾಗ ಕೈ ಸುಮ್ಮನಿರಬಾರದು ಎಂದು ರಮಾದೇವಿ ಏಡಿಗಳನ್ನು ಹಿತ್ತಿಲಿಗೆ ಒಯ್ದು ಬೆನ್ನಿನ ಚಿಪ್ಪು ತೆಗೆದು ತೊಳೆಯತೊಡಗಿದರು. ಗಂಗಾದೇವಿ ಎದುರು ಕೂತು ಸಿಗಡಿಯ ಕಪ್ಪು ನರ ತೆಗೆಯುತ್ತಿದ್ದರು. ಅರ್ಧ ಸಿಗಡಿ ಮುಗಿದ ಮೇಲೆ ತಂಗಿ, ತಲೆ ಎತ್ತದೆ, ಕೇಳಿದರು.

"ಯಾಕೆ ಹೇಳ್ಲಿಲ್ಲ?"

೭

ಇಲ್ಲಿ ನಿಲ್ಲಿಸಬೇಕು. ಮೂರನೆಯ ಡ್ರಾಫ್ಟಿನಲ್ಲಿ ಈ ಪ್ರಶ್ನೆಗೆ ನಾನೇ ಉತ್ತರ ಬರೆದಿದ್ದೆ. ಸಾಯುವಾಗ ನರಸಕ್ಕನೇ ಹೇಳಿದ್ದಳು, 'ಅವಳಿಗೆ ಹೇಳಬೇಡ, ಕಂಡವರ ಮನೆಯಲ್ಲಿ ಒಬ್ಬಳೇ ಅಳುತ್ತಾಳೆ' ಎಂದು. ಓದಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನನಗೇ ಬಂದಿತ್ತು.

ಗಂಗಾದೇವಿಗೆ ಓದಿ ತೋರಿಸಿದೆ.

"ಅಮ್ಮನಿಗೆ ಕೊನೇಗೆ ಮಾತೇ ಇರ್ಲಿಲ್ವಂತೆ," ಎಂದರು.

"ಕಥೆಗೆ ಚೆನ್ನಾಗಿರುತ್ತಲ್ಲಮ್ಮ."

"ನಿಮ್ ಕಥೆಗೆ ಚೆನ್ನಾಗಿರಲಿ ಅಂತ ನಮ್ಮಮ್ಮನ ಬಾಯಾಗೆ ಮಾತು ಇಕ್ತೀರಾ? ತೆಗೀರಿ ಅದನ್ನ."

ತೆಗೆದೆ. ರಮಾದೇವಿ ನಿಜವಾಗಿ ಹೇಳಿದ್ದು ಇದು.

೮

"ಮಾಡಿದ್ದೆ ಕಣೇ ಫೋನು. ಅಮ್ಮ ಹೋದ ದಿನಾನೇ, ಬೆಳಗ್ಗೆ. ನೀನೇ ಎತ್ತಿದ್ದೆ. ಹಿಂದೆ ಯಾರೋ ನಗ್ತಿದ್ರು, ನೀನೂ ನಗ್ತಿದ್ದೆ. 'ಅಕ್ಕಾ, ಮನೆ ತುಂಬ ನೆಂಟ್ರು ಅವ್ರೆ, ಒಲೆ ಮೇಲೆ ಸಿಗಡಿ ಐತೆ, ಆಮೇಲೆ ಮಾಡ್ತೀನಿ' ಅಂತ ಇಟ್ಬುಟ್ಟೆ."

ಗಂಗಾದೇವಿಯ ಕೈ ನಿಂತಿತು.

"ನಿನ್ ನಗು ಕೇಳಿ ಎಷ್ಟು ವರ್ಷ ಆಗಿತ್ತೋ. ಇವತ್ತೊಂದಿನ ನಕ್ಕೊಂಡಿರ್ಲಿ, ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಆದಾಗ, ನಿನ್ನೆ ಯಾಕೆ ಹೇಳ್ಲಿಲ್ಲ ಅಂತೀಯ ಅಂತ ಹೆದ್ರಿಕೆ ಆಯ್ತು. ಆಮೇಲೆ ದಿನಾ ಹೆದ್ರಿಕೆ ಜಾಸ್ತಿ ಆಯ್ತು. ತಪ್ಪು ನಂದೇ ಕಣೇ."

"ನಾನು ತಿರ್ಗ ಮಾಡ್ಲಿಲ್ವಾ?"

"ಮಾಡ್ಲಿಲ್ಲ."

"ನೆಪ್ಪೇ ಇಲ್ಲ ಅಕ್ಕ," ಎಂದರು ಗಂಗಾದೇವಿ. ಮತ್ತೆ ಅದನ್ನೇ ಹೇಳಿದರು, ಈ ಸಲ ತಮಗೆ ತಾವೇ. ಅಕ್ಕ ಎಂಬ ಮಾತು ಎಂಟು ವರ್ಷದ ಮೇಲೆ ಬಂದಿತ್ತು. ಇಬ್ಬರೂ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಎರಡು ಗಂಟೆಗೆ ಕರೆಂಟ್ ಬಂತು. ಕುಕರನ್ನು 'ಹೈ'ಗೆ ತಿರುಗಿಸಿ ಮತ್ತೊಂದು ಗಂಟೆ ಬಿಟ್ಟು, ಏಡಿ, ಸಿಗಡಿ ಹಾಕಿದರು. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಎಲ್ಲವನ್ನೂ ಒಟ್ಟಿಗೇ ಸುರಿದಾಗ ನಾಲ್ಕಾಗಿತ್ತು. ಕೆಂಪು ಏಡಿ, ಹಳದಿ ಜೋಳ, ಬೆಣ್ಣೆ ಹೊಳೆಯುವ ಆಲೂಗಡ್ಡೆ.

"ಮುದ್ದೆ ಇಲ್ವಾ?" ಎಂದರು ರಮಾದೇವಿ.

ಇತ್ತು. ಗಂಗಾದೇವಿ ಅದನ್ನೂ ಮಾಡಿದ್ದರು.

೯

ಈಗ ಮುಗಿಸಬೇಕು. ಇಬ್ಬರೂ ತಬ್ಬಿಕೊಂಡು ಅತ್ತರು ಎಂದು ಬರೆದು ನೋಡಿದೆ. ಬೆಣ್ಣೆ, ಖಾರ ಮೆತ್ತಿದ ಕೈಗಳಲ್ಲಿ ಯಾರು ತಬ್ಬಿಕೊಳ್ಳುತ್ತಾರೆ? ರಮಾದೇವಿ ಮಾತಿಲ್ಲದೆ ಐದರ ಬಸ್ಸು ಹತ್ತಿ ಹೋದರು ಎಂದೂ ಬರೆದೆ. ಅದು ಗಂಭೀರವಾಗಿ ಕಾಣುತ್ತದೆ, ಆದರೆ ಅವರು ಐದರ ಬಸ್ಸು ಹತ್ತಲಿಲ್ಲ. ಮದುವೆಗೆ ಗಂಗಾದೇವಿ ಹೋಗುತ್ತಾರೆಯೇ? ಮದುವೆ ಬರುವ ತಿಂಗಳು. ನಾನು ಕೇಳಿಲ್ಲ. ನೀವೂ ನನ್ನನ್ನು ಕೇಳಬೇಡಿ.

ಊಟದ ನಡುವೆ ಗಂಗಾದೇವಿ ಒಂದು ಏಡಿಕಾಲು ಮುರಿದು, ಒಳಗಿನ ಮಾಂಸ ಬಿಡಿಸಿ ಅಕ್ಕನ ಮುಂದೆ ಇಟ್ಟದ್ದು ಮಾತ್ರ ನೋಡಿದೆ. ಆಮೇಲೆ ಹೇಳಿದರು:

"ಮೊದಲ್ನೇ ದಿನದಿಂದ ಹೇಳು. ಯಾವ ಸೀರೆ ಉಡ್ಸಿದ್ರಿ, ಯಾರ್ಯಾರು ಬಂದಿದ್ರು, ಎಲ್ಲಾ. ಒಂದೂ ಬಿಡ್ಬೇಡ."

ರಮಾದೇವಿ ಶುರು ಮಾಡಿದರು. ಹಸಿರು ಸೀರೆ, ಕೆಂಪು ಅಂಚು. ಮುನೆಪ್ಪ ಮಾವ ಮೊದಲು ಬಂದದ್ದು. ಯಾರು ನೀರು ಹೊತ್ತರು, ಯಾರು ಹೂವು ತಂದರು. ನಿಧಾನವಾಗಿ, ತಪ್ಪಿದ ಕಡೆ ಹಿಂದಕ್ಕೆ ಹೋಗಿ ಸರಿ ಮಾಡಿಕೊಂಡು ಹೇಳುತ್ತಿದ್ದರು. ಗಂಗಾದೇವಿ ತಿನ್ನುವುದನ್ನು ನಿಲ್ಲಿಸಿದ್ದರು.

ಮೂರನೆಯ ದಿನಕ್ಕೆ ಬಂದಿದ್ದರು. ಇನ್ನೂ ಒಂಬತ್ತು ದಿನ ಬಾಕಿ ಇತ್ತು. ನಾನು ಎದ್ದು ಕೈ ತೊಳೆದು ಮಹಡಿಗೆ ಬಂದೆ.