ತಾಯಿ ಕ್ಲಬ್ಬಿನ ಗಂಟೆ

ಕೊನೆಗೆ ಗಂಟೆಗೂ ಬೆಲ್ಟ್ ಹಾಕಬೇಕಾಯಿತು. ಸೀಟಿನ ಮೇಲೆ ಭಾರ ಬಿದ್ದರೆ ಸಾಕು, ಕಾರು ಒಂದೇ ಸಮನೆ ಕೂಗಿಕೊಳ್ಳುತ್ತಿತ್ತು. ಭಾರ ಮನುಷ್ಯನದೋ ಹಿತ್ತಾಳೆಯದೋ ಅದಕ್ಕೆ ತಿಳಿಯದು. ರಾಸ್ ಟ್ರೆಲೋರ್ ಗಂಟೆಯ ನಾಲಗೆಗೆ ಕರವಸ್ತ್ರ ಸುತ್ತಿ, ಅದು ತೂಗುತ್ತಿದ್ದ ಮರದ ಪೀಠಕ್ಕೆ ಬೆಲ್ಟ್ ಎಳೆದು ಸಿಕ್ಕಿಸಿದ. ಕಾರು ಸುಮ್ಮನಾಯಿತು. ಬಿಟ್ಟುಹೋಗುವ ತನಕ ಹೆಂಡತಿ ಕೂರುತ್ತಿದ್ದ ಜಾಗ ಅದು.

ಗೋಧಿ ಸೀಮೆಯ ಸೇವಾ ಕ್ಲಬ್ಬುಗಳಲ್ಲಿ ಇದೊಂದು ಪದ್ಧತಿ. ಒಂದೂರಿನ ಕ್ಲಬ್ಬು ಇನ್ನೊಂದೂರಿನಲ್ಲಿ ಕ್ಲಬ್ಬು ಹುಟ್ಟಿಸಿದರೆ ಗಂಟೆ ಕೊಡಬೇಕು. ಮರಿ ಕ್ಲಬ್ಬು ಮುಚ್ಚಿದರೆ ಗಂಟೆ ತಾಯಿಗೆ ವಾಪಸ್ಸು. ಗಂಟೆ ಹೊಡೆದಾಗ ಎಲ್ಲರೂ ಎದ್ದು ನಿಲ್ಲಬೇಕು.

ಯಾರಿಪ್‌ನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ರಾಸ್ ಇಪ್ಪತ್ತು ವರ್ಷ ಹಾಗೆ ಎದ್ದು ನಿಂತಿದ್ದ. ಊರಿನ ಈಜುಕೊಳ, ಆಂಬುಲೆನ್ಸು, ಕಾಳ್ಗಿಚ್ಚಿನ ವರ್ಷ ಕಟ್ಟಿಕೊಟ್ಟ ಬೇಲಿಗಳು, ಎಲ್ಲ ಸೇರಿಸಿ ಕ್ಲಬ್ಬಿನ ಚರಿತ್ರೆ ಬರೆದವನೂ ಅವನೇ. ಸದಸ್ಯರೆಲ್ಲರ ಹೆಸರು ಹಾಕಿ ತನ್ನದನ್ನು ಮರೆತಿದ್ದ. ಅಚ್ಚಾದ ಮೇಲೂ ಯಾರೂ ಗಮನಿಸಲಿಲ್ಲ.

ಇವತ್ತು ಅವನಿಗೆ ಬೇಕಿದ್ದದ್ದು ಇಷ್ಟೆ: ಯಾರಾದರೂ ಗಂಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಾ, ಕೂತ್ಕೋ ಅನ್ನಬೇಕು.

ತಾಯಿ ಕ್ಲಬ್ಬಿನ ಊರು ಕುಲ್ಕಾಬಿ. ಸಭಾಂಗಣಕ್ಕೆ ಬೀಗ ಬಿದ್ದಿತ್ತು. ಎದುರಿನ ಬೇಕರಿಯವಳು, "ಕ್ಲೆಮ್ ನೋಸ್ಕೆ ಮನೆಗೆ ಹೋಗಿ. ಈಗ ಅವರೇ ಕ್ಲಬ್ಬು," ಅಂದಳು.

ತೊಂಬತ್ತು ದಾಟಿದ ಕ್ಲೆಮ್ ಜಾಲರಿ ಬಾಗಿಲು ತೆರೆದು ಮೊದಲು ಗಂಟೆ ನೋಡಿದ, ಆಮೇಲೆ ಮನುಷ್ಯನನ್ನು.

"ಯಾರಿಪ್‌ದಾ?"

"ಹೌದು."

"ಹೋಗ್ಬಿಡ್ತಾ ಅದೂ?"

"ಐದು ಜನ ಉಳಿದಿದ್ವಿ. ಅದ್ರಲ್ಲಿ ಇಬ್ರಿಗೆ ಕಿವಿ ಕೇಳಲ್ಲ."

"ಅಂಥವ್ರೇ ವಾಸಿ ಮಾರಾಯ. ಅಧ್ಯಕ್ಷರ ಭಾಷಣ ತಡ್ಕೋತಾರೆ. ಒಳಗೆ ಬಾ."

ಅಡುಗೆಮನೆಯ ಬಾಗಿಲು ಬಡಿಯದಂತೆ ಒಂದು ಗಂಟೆ ಒತ್ತಿ ನಿಂತಿತ್ತು. ಕಿಟಕಿ ಕಟ್ಟೆಯ ಮೇಲೆ ಇನ್ನೊಂದು.

"ಇವನ್ನ ವಾಪಸ್ ಕೊಡ್ಲಿಲ್ವಾ ನೀವು?"

"ಬಾಗಿಲಲ್ಲಿರೋದು ನಮ್ದು. ನಮ್ಮ ತಾಯಿ ಕ್ಲಬ್ಬಿಗೆ ಕೊಟ್ಟು ಬರೋಣ ಅಂತ ತಾರಲ್ಡಕ್ಕೆ ಹೋದೆ. ಅವ್ರು ತಮ್ದನ್ನೂ ಹೊರಿಸಿ ಕಳಿಸಿದ್ರು." ಮುದುಕ ನಕ್ಕ. "ಕೇಕ್ ತಿನ್ನು. ಅಂಗಡೀದು, ಹೆದರಬೇಡ."

ಅವನು ರಾಸ್ ತಂದ ಗಂಟೆಯ ಕರವಸ್ತ್ರ ಬಿಚ್ಚಿದ. ಅದರಲ್ಲೇ ಕನ್ನಡಕ ಒರೆಸಿ, ತನ್ನದೇ ಅನ್ನುವಂತೆ ಜೇಬಿಗೆ ಇಳಿಸಿದ. ಆಮೇಲೆ ಗಂಟೆಯನ್ನು ಒಮ್ಮೆ ಹೊಡೆದ.

ರಾಸ್ ಎದ್ದು ನಿಂತ. ಮೇಜಿನ ಅಂಚು ಹಿಡಿದು ಮುದುಕನೂ ಎದ್ದ.

"ಅತಿಥಿಗಳು ಪರಿಚಯ ಹೇಳ್ಕೋಬೇಕು. ಹೆಸರು, ಕೆಲಸ, ಕ್ಲಬ್ಬು."

"ರಾಸ್ ಟ್ರೆಲೋರ್. ಮೇಷ್ಟ್ರು." ಮೂರನೆಯದಕ್ಕೆ ಅವನ ಹತ್ತಿರ ಹೆಸರಿರಲಿಲ್ಲ.

ಫ್ರಿಜ್ಜು ಗೊರಗುಟ್ಟಿ ನಿಂತಿತು.

"ಕುಲ್ಕಾಬಿ ಅನ್ನು," ಅಂದ ಕ್ಲೆಮ್ ಮೆಲ್ಲಗೆ. "ನಮ್ಮಲ್ಲಿ ಜಾಗ ಖಾಲಿ ಇದೆ."

"ಕುಲ್ಕಾಬಿ."

"ಬಾ, ಕೂತ್ಕೋ."

ರಾಸ್ ಕೂತ. ಕೇಕನ್ನು ಅಗಿಯುತ್ತಲೇ ಇದ್ದ. ಮುದುಕ ಇನ್ನೊಂದು ತುಂಡನ್ನು ಅವನತ್ತ ಸರಿಸಿದ.

"ಹೊಸ ಸದಸ್ಯನ ಕೆಲಸ ಏನು, ಗೊತ್ತಲ್ಲ?" ಅಂದ ಕೊನೆಗೆ.

ಗೊತ್ತಿತ್ತು. ಎಲ್ಲ ಕ್ಲಬ್ಬುಗಳಲ್ಲೂ ಒಂದೇ ನಿಯಮ. ಸಭೆ ಮುಗಿದ ಮೇಲೆ ಗಂಟೆ ಎತ್ತಿಡುವವನು ಹೊಸಬ.

"ಮುಂದಿನ ವಾರ ನಾನು ಹಿರಿಯರ ಆಶ್ರಮಕ್ಕೆ ಹೋಗ್ತಿದೀನಿ. ಅಲ್ಲಿ ಗಂಟೆ ಹೊಡೆದ್ರೆ ನರ್ಸ್ ಓಡಿ ಬರ್ತಾಳೆ. ಪಾಪ, ಯಾಕೆ ಅವಳಿಗೆ ಕಾಟ?"

"ನಾನು ಯಾರಿಗೆ ಕೊಡ್ಲಿ?"

ಕ್ಲೆಮ್ ಅವನ ಭುಜ ತಟ್ಟಿದ. ಬಾಗಿಲಿನದು, ಕಿಟಕಿಯದು, ಎರಡು ಗಂಟೆಗಳನ್ನೂ ತಂದು ಅವನ ಮುಂದಿಟ್ಟ.

ಪಕ್ಕದಲ್ಲಿ ಒಂದು, ಹಿಂದೆ ಎರಡು. ರಾಸ್ ಒಂದೊಂದಕ್ಕೂ ಬೆಲ್ಟ್ ಹಾಕಿದ, ತನಗೂ ಹಾಕಿಕೊಂಡ. ಜಾಲರಿಯ ಹಿಂದೆ ಎತ್ತಿದ ಕೈ ಬಹಳ ಹೊತ್ತು ಇಳಿಯಲಿಲ್ಲ.

ರಸ್ತೆಯ ಎರಡೂ ಬದಿ ಕೊಯ್ದ ಗೋಧಿಯ ಕೂಳೆ. ಊರಾಚೆಯ ರೈಲುಹಳಿಯ ಮೇಲೆ ಕಾರು ಕುಲುಕಿತು. ಮೂರು ಗಂಟೆಗಳೂ ಒಟ್ಟಿಗೇ ಹೊಡೆದುಕೊಂಡವು.

ರಾಸ್ ಎದ್ದು ನಿಲ್ಲಲು ಹೋದ. ಬೆಲ್ಟು ಅವನ ಎದೆಯನ್ನು ಹಿಡಿದು ಮತ್ತೆ ಕೂರಿಸಿತು.