ಸೇತುವೆಯ ಕೆಳಗಿನ ಪೈಪು

ತಂಗಿಯನ್ನು ಯಾರಾದರೂ ಹೊಗಳಿದರೆ ಸಾಕು, ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊರಗೆ ನಗು, ಒಳಗೆ ಹೊಟ್ಟೆಕಿಚ್ಚು. ಇಬ್ಬರಿಗೂ ಫೈಬರ್ ಕೇಬಲ್ ಹಾಕುವ ಒಂದೇ ಕಂಪನಿಯಲ್ಲಿ ಕೆಲಸ. ಅಕ್ಕ ಹದಿನೆಂಟು ವರ್ಷದಿಂದ ಬೀದಿ ಬೀದಿ ಸುತ್ತಿ ಕೇಬಲ್ಲಿನ ದಾರಿ ಪರೀಕ್ಷಿಸುವ ಸರ್ವೇಯರ್. ನಿನ್ನೆ ಮೊನ್ನೆ ಬಂದ ತಂಗಿ ಫ್ಯಾನಿನ ಕೆಳಗೆ ಕೂತು ನಕ್ಷೆ ಬರೆಯುವ ಪ್ಲಾನರ್.

ಈ ಸಲ ತಂಗಿ ಬರೆದದ್ದು ದೊಡ್ಡಾಸ್ಪತ್ರೆಗೆ ಕೇಬಲ್ ಎಳೆಯುವ ನಕ್ಷೆ. ಹತ್ತು ವರ್ಷಕ್ಕೆ ಕೇಬಲ್ಲಿನೊಳಗೆ ಎಷ್ಟು ಫೈಬರ್ ಎಳೆ ಬೇಕಾದೀತೆಂದು ಅಂದಾಜು ಮಾಡಿ, ಅದರ ಮೇಲೆ ಇನ್ನರ್ಧದಷ್ಟು ಎಳೆಗಳನ್ನು ಖಾಲಿ ಬಿಟ್ಟಿದ್ದಳು. ಕೇಬಲ್ ಎರಡು, ದಾರಿಯೂ ಎರಡು. ಒಂದು ತುಂಡಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಕೆಲಸ ವಹಿಸಿಕೊಳ್ಳಬೇಕು. ಮ್ಯಾನೇಜರಂತೂ ಖುಷಿಯಿಂದ ನಕ್ಷೆಯನ್ನು ಗೋಡೆಗೇ ಅಂಟಿಸಿಬಿಟ್ಟಿದ್ದರು.

ಆದರೆ ಆ ಆಫೀಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ದಾರಿಯುದ್ದಕ್ಕೂ ಕಾಲ್ನಡಿಗೆಯಲ್ಲಿ ಹೋದವರು "ನಡೆದು ನೋಡಿದ್ದೇನೆ" ಎಂದು ಬರೆದು ಸಹಿ ಹಾಕದೆ ಯಾವ ನಕ್ಷೆಯೂ ಪಾಸಾಗದು. ಅಕ್ಕ ಹೊರಟಳು. ತಪ್ಪು ಸಿಗಲಿ ಎಂದು ಹುಡುಕುತ್ತಲೇ ಹೊರಟಳು, ಸುಳ್ಳೇಕೆ. ಕಾಲುವೆಯ ಸೇತುವೆ ಹತ್ತಿರ ಕೇಬಲ್ ಗುಂಡಿಯ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರೆ, ಸಿಕ್ಕೇಬಿಟ್ಟಿತು. ನಕ್ಷೆಯಲ್ಲಿ ಸೇತುವೆಯ ಆಚೆಗೊಂದು, ಈಚೆಗೊಂದು ಪೈಪು. ನೆಲದಲ್ಲಿ ಇದ್ದದ್ದು ಒಂದೇ. ಎರಡೂ ಕೇಬಲ್ ಅದರಲ್ಲೇ ತೂರಬೇಕು. ಅಗೆಯುವ ಯಂತ್ರ ಅಲ್ಲೊಮ್ಮೆ ಬಾಯಿ ಹಾಕಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಎಷ್ಟಾದರೂ ಒಡಹುಟ್ಟಿದವಳು, ಹೇಳಿಬಿಡೋಣ ಎಂದೇ ಆಫೀಸಿಗೆ ಮರಳಿದಳು. ತಂಗಿಯ ಮೇಜಿನ ಬಳಿ ನಿಂತಿದ್ದ ಮ್ಯಾನೇಜರ್ ತಿರುಗಿ ನಕ್ಕರು. "ಏನಮ್ಮಾ, ಇವಳು ನಿಮ್ಮ ತಂಗಿ ಅಂದ್ರೆ ನಂಬೋಕೇ ಆಗಲ್ಲ. ಬುದ್ಧಿ ಎಲ್ಲಾ ಇವಳಿಗೇ ಬಂದ್ಬಿಡ್ತಾ?"

ಅಕ್ಕನೂ ನಕ್ಕಳು. ಪೆನ್ನು ತೆಗೆದು "ನಡೆದು ನೋಡಿದ್ದೇನೆ" ಎಂದು ಬರೆದು ಸಹಿ ಹಾಕಿದಳು.

ಕೇಬಲ್ ಹಾಕುವವರು ಸಹಿ ನಂಬಿ ಎರಡನ್ನೂ ಇದ್ದ ಒಂದೇ ಪೈಪಿಗೆ ತೂರಿಸಿದರು. ಮೂರೇ ತಿಂಗಳಿಗೆ ಚರಂಡಿ ಕೆಲಸದವರು ಸೇತುವೆಯ ಬುಡ ಅಗೆದರು. ಆಸ್ಪತ್ರೆಗೆ ಐದು ಗಂಟೆ ಸಂಪರ್ಕವೇ ಇಲ್ಲ. ಊರಾಚೆಯ ಲ್ಯಾಬಿನ ರಿಪೋರ್ಟು ತರಲು ನರ್ಸುಗಳು ಗಾಡಿ ಹತ್ತಿ ಓಡಾಡಿದರು. ಯಾರ ಜೀವವೂ ಹೋಗಲಿಲ್ಲ, ಪುಣ್ಯ. ಸುದ್ದಿ ಕೇಳಿ ಅಕ್ಕನಿಗೆ ಮೊದಲು ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಸಹಿ ನೆನಪಾಯಿತು. ಕೆಲಸ ಹೋದರೆ?

ವಿಚಾರಣೆಯಲ್ಲಿ ಮ್ಯಾನೇಜರ್ ಸಹಿಯ ಹಾಳೆ ಎತ್ತುವ ಮೊದಲೇ ತಂಗಿ ಎದ್ದು ನಿಂತಳು. "ನಕ್ಷೆ ನಂದು ಸಾರ್. ತಪ್ಪೂ ನಂದೇ." ಆಮೇಲೆ ಸಹಿಯ ಮಾತನ್ನು ಯಾರೂ ಎತ್ತಲಿಲ್ಲ. ತಂಗಿಗೆ ಬರಬೇಕಿದ್ದ ಬಡ್ತಿ ಹೋಯಿತು. ಹೊಸ ದಾರಿ ಹುಡುಕಿ ಸರಿಪಡಿಸುವ ಕೆಲಸವೂ ಅವಳ ತಲೆಗೇ ಬಂತು.

ಹೊರಗೆ ಮೆಟ್ಟಿಲ ಮೇಲೆ ತಂಗಿ ಮೆಲ್ಲಗೆ ಹೇಳಿದಳು, "ಬಿಡಕ್ಕಾ, ತಲೆ ಕೆಡಿಸ್ಕೋಬೇಡ. ನಿಂಗೂ ವಯಸ್ಸಾಯ್ತು, ಕಣ್ತಪ್ಪಿ ಹೋಗಿರತ್ತೆ. ನಾನೇ ಒಂದ್ಸಲ ಹೋಗಿ ನೋಡ್ಬೇಕಿತ್ತು."

ಕಣ್ತಪ್ಪಿ! ಹದಿನೆಂಟು ವರ್ಷದಲ್ಲಿ ಒಂದು ಮುಚ್ಚಳವನ್ನೂ ಎತ್ತದೆ ಬಿಟ್ಟವಳಲ್ಲ ಅಕ್ಕ. ಸುಮ್ಮನಿದ್ದರೆ ಬಚಾವು, ಅದು ಅವಳಿಗೂ ಗೊತ್ತಿತ್ತು. ಆದರೆ ಎಲ್ಲ ಬಿಟ್ಟು ಇವಳ ಮುಂದೆ ಕುರುಡಿ ಅನ್ನಿಸಿಕೊಳ್ಳುವುದೇ?

"ಕಣ್ತಪ್ಪಿಲ್ಲ," ಎಂದಳು. "ಅಲ್ಲಿ ಒಂದೇ ಪೈಪು ಇರೋದು ನಂಗೆ ಅವತ್ತೇ ಕಂಡಿತ್ತು."

ತಂಗಿ ಕೂಗಾಡಲಿಲ್ಲ, ಅಳಲಿಲ್ಲ.

"ನಾಳೆ ಹೊಸ ದಾರಿ ನೋಡೋಕೆ," ಎಂದಳು, "ಬೇರೆ ಯಾರನ್ನಾದ್ರೂ ಕಳಿಸ್ತೀನಿ."